ದೇವಸಮುದ್ರದಿಂದ, ಭಾಗ 4: ರೊಟ್ಟಿ ತಿಂದೋರು ಯಾರು?

ಮೊದಲನೇ ಫೋಟೋ ನಮ್ಮ ತಾಲ್ಲೂಕಿನ ಬ್ರಹ್ಮಗಿರಿ ಬಂಡೆ. ಅದಕ್ಕೆ ಆಮೇಲೆ ಬರ್ತೀನಿ.

ಒಂಬತ್ತನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದ ಗೆಳೆಯನ ಮನೆಮಾತು ದಖನಿ. ಹಿಂದಿ ಪೀರಿಯಡ್‌ನಲ್ಲಿ ಎದ್ದು "ಮೈ ರೋಟಿ ಖಾಯಾ" ಅಂದ. "ಮನೇಲಿ ಇದನ್ನೇ ಮಾತಾಡ್ತೀಯ, ಇಷ್ಟೂ ಬರಲ್ವಾ?" ಅಂತ ಮೇಷ್ಟ್ರು ಬೈದ್ರು. ಇಡೀ ಕ್ಲಾಸೇ ನಕ್ತು. ನಾನೂ ನಕ್ಕೆ. ಆ ವರ್ಷ ಪೂರ್ತಿ ಅವನು ಹಿಂದಿಯಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ಪುಸ್ತಕದ ಹಿಂದಿಯಲ್ಲಿ ಅದು "ಮೈನೇ ರೋಟಿ ಖಾಯೀ". ತಿಂದವನು ಹುಡುಗ, ಆದ್ರೆ ಕ್ರಿಯಾಪದ ಸ್ತ್ರೀಲಿಂಗ, ಯಾಕಂದ್ರೆ ಅದು ರೊಟ್ಟಿ ಹಿಂದೆ ಹೋಗುತ್ತೆ. ತಿಂದವನಿಗೆ 'ನೇ' ಅಂಟಿಸಿ ಪಕ್ಕಕ್ಕೆ ಕೂರಿಸ್ತಾರೆ. ಇದರ ಹೆಸರು ಎರ್ಗೆಟಿವ್. ಕುರ್ದರ ಕುರ್ಮಾಂಜಿ ಭಾಷೆಯಲ್ಲೂ ಇದೆ. ನಿನ್ನ ನೋಡ್ತೀನಿ ಅನ್ನೋಕೆ "ಎಜ್ ತೆ ದಿಬೀನಿಮ್", ನಿನ್ನ ನೋಡಿದೆ ಅನ್ನೋಕೆ "ಮಿನ್ ತು ದೀತಿ". ಭೂತಕಾಲ ಬಂತೋ, 'ನಾನು' ಅನ್ನೋ ಪದವೇ ಬದಲು, ಕ್ರಿಯಾಪದ 'ನೀನು' ಕಡೆಗೆ. ಹಾಗಾದ್ರೆ ಕರ್ತೃ ಯಾರು? "ಮೈನೇ ಅಪ್ನೀ ರೋಟಿ ಖಾಯೀ" ಅಂದ್ರೆ 'ಅಪ್ನೀ' ತೋರಿಸೋದು ತಿಂದವನನ್ನ, ಕ್ರಿಯಾಪದ ತೋರಿಸೋದು ರೊಟ್ಟೀನ. ವಾಕ್ಯರಚನೆಯ ಥಿಯರಿಯವರು ಈ ಗಂಟು ಬಿಡಿಸೋಕೆ ಇನ್ನೂ ಕಿತ್ತಾಡ್ತಿದ್ದಾರೆ. (ಬಿಕಾಂ ಹುಡುಗನಿಗೆ ಇದೆಲ್ಲ ಯಾಕೆ ಅನ್ಬೇಡಿ. ಡೆಬಿಟ್ ಯಾರಿಗೆ ಕ್ರೆಡಿಟ್ ಯಾರಿಗೆ ಅನ್ನೋ ತಲೆನೋವು ನಮಗೇನು ಹೊಸದಾ?)

ಈಗ ಬಂಡೆ. ಅಶೋಕನ ಈ ಶಾಸನವನ್ನ 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ್ರು. ಭಾಷೆ ಪ್ರಾಕೃತ. ಕೊನೆಯಲ್ಲಿ ಬರೆದವನ ಹೆಸರಿದೆ: 'ಚಪಡೇನ', ಅಂದ್ರೆ ಚಪಡನಿಂದ ಬರೆದದ್ದು. ನಾವಾಗಿದ್ರೆ 'ಚಪಡ ಬರೆದ' ಅಂತ ಮುಗಿಸ್ತಿದ್ವಿ. ಇಂಥ 'ಇವನಿಂದ ಆದದ್ದು' ಅನ್ನೋ ವಾಕ್ಯಗಳೇ ಕಾಲ ಕಳೆದ ಹಾಗೆ ಹಿಂದಿಯ ಎರ್ಗೆಟಿವ್ ಆದವು. ಅತ್ತ ಇರಾನಿನ ಬೆಹಿಸ್ತೂನ್ ಬಂಡೆಯಲ್ಲಿ ದೊರೆ ಡೇರಿಯಸ್ ಕೆತ್ತಿಸಿದ 'ಮನಾ ಕರ್ತಮ್', ನಾನು ಮಾಡಿದ್ದು, ಕೂಡ ಅದೇ ಜಾತಿಯ ವಾಕ್ಯ. ಕುರ್ದಿಶ್ ರಚನೆಯ ಬೇರು ಅಂಥದ್ದರಲ್ಲಿದೆ.

ದಖನಿ ಆ 'ನೇ'ಯನ್ನ ಬಿಟ್ಟುಬಿಡ್ತು. ಕನ್ನಡ, ತೆಲುಗಿನ ಸಹವಾಸವೂ ಅದಕ್ಕೊಂದು ಕಾರಣ ಅಂತಾರೆ. ನಮ್ಮಲ್ಲಿ ತಿಂದವನ ಹಿಂದೆಯೇ ಅಲ್ವಾ ಕ್ರಿಯಾಪದ ಹೋಗೋದು? ಪಾರ್ಸಿ ಭಾಷೆನೂ ಹಳೇ ಎರ್ಗೆಟಿವ್ ಬಿಟ್ಟಿದೆ. ಅದಕ್ಕೆ ಯಾರೂ ನಗಲ್ಲ.

ಹೋದ ಭಾನುವಾರ ಅವನನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿದ್ದೆ. ಎರಡನೇ ಫೋಟೋದಲ್ಲಿರೋ ನೆರಳು ಅವನದೇ. "ಅವತ್ತು ನಾನೂ ನಕ್ಕಿದ್ದೆ ಕಣೋ" ಅಂದೆ.

"ಗೊತ್ತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದೇ ನೀನು" ಅಂದ.