ಹಲ್ಲು ನೋಡದೆ ತಂದ ಟೈರು

ಕೂಡ್ಲಿಗಿಗೆ ಬಂದು ನಮ್ಮ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಅಪ್ಪನ ಹೆಸರು ಹೇಳುವುದಿಲ್ಲ. 'ಕ್ರೇನ್ ಗಾಡಿ ನಿಂತಿರ್ತೈತಲ್ಲ, ಆ ಮನಿ' ಅನ್ನುತ್ತಾರೆ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ ನಮ್ಮೂರ ಪಕ್ಕದಲ್ಲೇ ಇದೆ. ಈಗ ಅದರ ನಂಬರು 50. ಅಪ್ಪನ ಬಾಯಲ್ಲಿ ಇನ್ನೂ 13. ಸಂಡೂರಿನ ಅದಿರು ಲಾರಿ, ಕೊಟ್ಟೂರಿನ ಮೆಕ್ಕೆಜೋಳದ ಲಾರಿ, ಹಡಗಲಿ ಕಡೆಯ ಕಬ್ಬಿನ ಗಾಡಿ, ಯಾವುದು ಎಲ್ಲಿ ಕೆಟ್ಟು ನಿಂತರೂ ಎತ್ತಿ ಗ್ಯಾರೇಜಿಗೆ ಮುಟ್ಟಿಸುವುದು ಅಪ್ಪನ ಕಸುಬು. ಅತ್ತ ಹರಪನಹಳ್ಳಿಯಿಂದ, ಇತ್ತ ಹಗರಿಬೊಮ್ಮನಹಳ್ಳಿಯಿಂದ ಹೊತ್ತಿಲ್ಲದ ಹೊತ್ತಿನಲ್ಲಿ ಫೋನ್ ಬರುತ್ತದೆ. ಹಳೆಯ ಆರು ಚಕ್ರದ ಲಾರಿಯ ಬೆನ್ನಿಗೆ ಕ್ರೇನ್ ಕೂರಿಸಿದ ಗಾಡಿ ನಮ್ಮದು. ಮುಂದೆ ಎರಡು ಟೈರು, ಹಿಂದೆ ಜೋಡಿಯಾಗಿ ನಾಲ್ಕು.

ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ವರ್ಷ, ಹಿಂದಿನ ಒಂದು ಟೈರು ಬದಲಿಸಬೇಕಾಯಿತು. ಅಪ್ಪನಿಗೆ ಜ್ವರ. ನಾನೇ ಹೊರಟೆ. ಹೊಸದಕ್ಕೆ ಇಪ್ಪತ್ತು ಸಾವಿರ ದಾಟುತ್ತಿತ್ತು. ಹಳೇ ಟೈರು ಮಾರುವ ಅಂಗಡಿಯಲ್ಲಿ ಅದರ ಕಾಲು ಭಾಗ ದುಡ್ಡಿಗೆ ಒಂದು ಸಿಕ್ಕಿತು. ಬಟನ್ ಆಳವಾಗಿತ್ತು, ಬೆರಳಿಟ್ಟರೆ ಉಗುರು ಮುಳುಗುತ್ತಿತ್ತು. ಮೈ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಉಳಿದ ದುಡ್ಡನ್ನು ಅವ್ವನ ಕೈಗಿಟ್ಟಾಗ ಆ ವರ್ಷ ಮೊದಲ ಸಲ ನನ್ನಿಂದಲೂ ಮನೆಗೊಂದು ಉಪಯೋಗವಾಯಿತು ಅನ್ನಿಸಿತು.

2020ರ ಫೆಬ್ರವರಿ. ಕೊಟ್ಟೂರೇಶ್ವರನ ತೇರಿಗೆ ಇನ್ನು ಕೆಲವೇ ದಿನ. ಕೊಟ್ಟೂರಿನ ದಾರಿಗಳೆಲ್ಲ ಪಾದಯಾತ್ರೆಯವರಿಂದ ತುಂಬಿದ್ದವು. ಮೆಕ್ಕೆಜೋಳ ತುಂಬಿದ್ದ ಒಂದು ಲಾರಿಯನ್ನು ಎಳೆದುಕೊಂಡು ನಡುರಾತ್ರಿ ನಾವೂ ಆ ಕಡೆಗೇ ಹೊರಟಿದ್ದೆವು. ಗಾಡಿ ಆಳುನಡಿಗೆಗಿಂತ ಸ್ವಲ್ಪ ಜೋರು ಅಷ್ಟೆ. ಮದ್ದು ಸಿಡಿದಂತೆ ಸಪ್ಪಳವಾಯಿತು. ಹಿಂದುಗಡೆ ಒಂದು ಮಗ್ಗುಲಿಗೆ ಕುಸಿದು ಗಾಡಿ ಎಳೆದಾಡಿತು. ಅಪ್ಪ ಬ್ರೇಕ್ ತುಳಿಯಲಿಲ್ಲ. ಸ್ಟೇರಿಂಗ್ ಬಿಗಿಹಿಡಿದು ತಾನಾಗಿ ನಿಲ್ಲುವವರೆಗೂ ಬಿಟ್ಟರು. ಇಳಿದು ನೋಡಿದರೆ ರಸ್ತೆಯಂಚಿನಲ್ಲಿ, ಜನ ನಡೆಯುವ ಜಾಗದಲ್ಲೇ, ಮಾರುದ್ದದ ರಬ್ಬರ್ ಪಟ್ಟಿ ಬಿದ್ದಿತ್ತು. ಅಲ್ಲಿ ನಡೆದು ಬರುತ್ತಿದ್ದವರು ಹಿಂದಿನ ಮಜ್ಜಿಗೆ ಪೆಂಡಾಲಿನಲ್ಲಿ ನಿಂತಿದ್ದರು. ಅವರಲ್ಲೊಬ್ಬ ಮುದುಕಪ್ಪ ಬಂದು ಪಟ್ಟಿಯನ್ನು ಕೋಲಿನಿಂದ ಸರಿಸಿ, 'ಕೊಟ್ರಯ್ಯ ಕಾಯ್ದ ಬಿಡಪ' ಅಂದ. ನನ್ನ ಕಾಲು ನಡುಗುತ್ತಿದ್ದವು. ಅದು ನಾನು ತಂದ ಟೈರು.

ಬೆಳಿಗ್ಗೆ ಅಪ್ಪ ಅದರ ಹರಿದ ಮಗ್ಗುಲನ್ನು ನೀರು ಹಾಕಿ ತಿಕ್ಕಿದರು. ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ: 2611. 'ಏನಿದು, ಓದು.' ನನಗೆ ಗೊತ್ತಿರಲಿಲ್ಲ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2011ರ 26ನೇ ವಾರದಲ್ಲಿ ಹುಟ್ಟಿದ ಟೈರು. 'ಸಂತ್ಯಾಗ ಎತ್ತಿನ ಹಲ್ಲು ನೋಡದಾಂಗ ಹಗ್ಗ ಹಿಡಕಂಡು ಬಂದಂಗಾತು' ಅಂದರು. ಬೈಯಲಿಲ್ಲ; ಅದೇ ಹೆಚ್ಚು ಚುಚ್ಚಿತು.

ದಿನಾ ಓಡುವ ಲಾರಿಯ ಟೈರು ಸವೆದು ಸಾಯುತ್ತದೆ. ನಮ್ಮಂಥ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನಮ್ಮ ಸೀಮೆಯ ಬಿಸಿಲಲ್ಲಿ ಕಾದು ಕಾದು ರಬ್ಬರು ಬಿರುಸಾಗುತ್ತದೆ, ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತವೆ, ಬಟನ್ ಮಾತ್ರ ಹೊಸದರಂತೆಯೇ ಇರುತ್ತದೆ. ಸವೆದ ಟೈರು ತಾನು ಹಳತಾದೆ ಎಂದು ಹೇಳುತ್ತದೆ. ನಿಂತಲ್ಲೇ ಹಳತಾದದ್ದು ಹೇಳುವುದಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಜೋಡಿಯ ಎರಡು ಟೈರು ಸಮ ಎತ್ತರವಿರಬೇಕು. ಸವೆದದ್ದರ ಪಕ್ಕ ನಾನು ಆಳ ಬಟನ್ನಿನದನ್ನು ಹಾಕಿಸಿದ್ದೆ. ಎತ್ತರದ್ದು ಮೊದಲು ನೆಲ ಕಚ್ಚಿ ಪಕ್ಕದವನ ಭಾರವನ್ನೂ ಹೊತ್ತಿತು. ನಾನು ಮೆಚ್ಚಿ ತಂದ ಗುಣವೇ ಅದನ್ನು ಕೊಂದಿತು.

ಭಾರದ ಲೆಕ್ಕವನ್ನು ಅಪ್ಪ ಹಾರೆಯಿಂದ ತೋರಿಸಿದರು. ಹಾರೆಯ ನಡುವೆ ಕಲ್ಲು. ಅದು ಹಿಂದಿನ ಆಕ್ಸಲ್. ಈ ತುದಿ ಕೊಕ್ಕೆ, ಆ ತುದಿ ಮುಂದಿನ ಚಕ್ರ. ನಮ್ಮ ಗಾಡಿಯ ಎರಡು ಆಕ್ಸಲ್‌ಗಳ ನಡುವೆ ಸುಮಾರು 4 ಮೀಟರ್. ಕೊಕ್ಕೆ ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆ. ಕೊಕ್ಕೆಯಲ್ಲಿ 4 ಟನ್ ಎತ್ತಿದರೆ ಮುಂದಿನ ಚಕ್ರಗಳಿಂದ 2 ಟನ್ ಎದ್ದು ಹಿಂದಕ್ಕೆ ಬರುತ್ತದೆ. ಹಿಂದೆ ಬೀಳುವುದು 4 ಅಲ್ಲ, 6 ಟನ್. ನಮ್ಮ 10.00ಆರ್20 ಟೈರಿನ ಮೇಲೆ 146/143 ಎಂದಿರುತ್ತದೆ: ಒಂಟಿಯಾಗಿದ್ದರೆ 3000 ಕಿಲೋ, ಜೋಡಿಯಲ್ಲಿ 2725. ನಾಲ್ಕಕ್ಕೆ 10,900. ಗಾಡಿಯ ಸ್ವಂತ ಭಾರ ಕೂಡಿಸಿದರೆ ನಾವು ದಿನಾ ಆ ಅಂಚಿನಲ್ಲೇ ಓಡಾಡುತ್ತೇವೆ. ಒಂದು ಟೈರು ಇನ್ನೊಂದರ ಪಾಲು ಹೊತ್ತರೆ ಅಂಚು ದಾಟಿದಂತೆ.

ತೇರಿನ ವಾರ ನಮಗೆ ಸುಗ್ಗಿ. ಮೂರು ಹೊತ್ತೂ ಫೋನ್. ಅಪ್ಪ ಒಂದಕ್ಕೂ ಹೋಗಲಿಲ್ಲ. 'ಟೈರ್ ಇಲ್ಲ' ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ಅಂಗಡಿಯವನು ರೀಟ್ರೆಡ್ ಹಾಕಿಸಿಕೊಳ್ಳಿ, ಅರ್ಧಕ್ಕಿಂತ ಕಡಿಮೆಗೆ ಮುಗಿಯುತ್ತದೆ ಎಂದ. ಅಪ್ಪನಿಗೆ ರೀಟ್ರೆಡ್ ಬಗ್ಗೆ ತಿರಸ್ಕಾರವಿಲ್ಲ. ಒಳಗಿನ ಕೇಸಿಂಗ್ ಗಟ್ಟಿಯಿದ್ದರೆ ಅದು ಚೆನ್ನಾಗಿಯೇ ಓಡುತ್ತದೆ. 'ಆದ್ರ ಅದರ ಒಳಗ ಏನೈತಿ ಅಂತ ನನಗ ಗೊತ್ತಿರಬೇಕಲ್ಲ' ಅಂದರು. ಮುಂದಿನೆರಡು ನೇರ ಗೆರೆಯ ಟೈರುಗಳ ಅಂಕಿ ನೋಡಿದರು: ಎರಡು ವರ್ಷ ತುಂಬಿರಲಿಲ್ಲ, ಉಳಿಸಿಕೊಂಡರು. ಹಗುರಾದ ಮೂತಿಗೆ ನೆಲ ಹಿಡಿಯಲು ಅವು ಸಾಕು. ಹಿಂದಕ್ಕೆ ಸಾಲ ಮಾಡಿ ನಾಲ್ಕೂ ಹೊಸವು: ಒಂದೇ ಕಂಪನಿ, ಒಂದೇ ಅಳತೆ, ದಪ್ಪ ಬಟನ್ನಿನವು. ಅಂಕಿ ಓದುವ ಕೆಲಸ ನನಗೇ ಕೊಟ್ಟರು. ಮೊಣಕಾಲೂರಿ ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಅವು ಬರುವಷ್ಟರಲ್ಲಿ ತೇರು ಎಳೆದಾಗಿತ್ತು, ಸುಗ್ಗಿ ಮುಗಿದಿತ್ತು. ಮುಂದಿನ ತಿಂಗಳು ಲಾಕ್‌ಡೌನ್ ಆಗಿ ರಸ್ತೆಯೇ ಖಾಲಿಯಾಯಿತು. ಹೊಸ ಟೈರುಗಳಿಗೆ ಗೋಣಿಚೀಲ ಹೊದಿಸಿ ಅಪ್ಪ ಕಂತು ಕಟ್ಟಿದರು.

ನಾನೀಗ ಬೆಂಗಳೂರಿನಲ್ಲಿದ್ದೇನೆ. ಸಿಗ್ನಲ್ಲಿನಲ್ಲಿ ಲಾರಿ ಪಕ್ಕ ನಿಂತರೆ ಕಣ್ಣು ತಾನಾಗಿ ಆ ನಾಲ್ಕು ಅಂಕಿ ಹುಡುಕುತ್ತದೆ. ಮೊನ್ನೆ ಅಪ್ಪ ಫೋನ್ ಮಾಡಿದ್ದರು: 'ಆ ನಾಕಕ್ಕೂ ಆರು ವರ್ಷ ತುಂಬಿದ್ವು. ತಗಸ್ತೀನಿ.'

'ಬಟನ್ ಹೆಂಗದಾವ?' ಅಂದೆ.

'ಇನ್ನೂ ಚಲೋ ಅದಾವ. ಅದಕ್ಕ ಹೆದರಿಕಿ.'