ಕಲ್ಲಿನ ಮೇಲಣ ಸೂರ್ಯಚಂದ್ರರು

‘ಸೂರ್ಯಚಂದ್ರರಿರುವವರೆಗೆ’ ಎಂಬ ಮಾತು ಕನ್ನಡಿಗರ ಮನೆಗಳಲ್ಲಿ ಹರಕೆಗೂ ಉಂಟು, ಆಣೆಗೂ ಉಂಟು. ಆಡುವವರಲ್ಲಿ ಬಹುಮಂದಿಗೆ ಅದು ಬರಿಯ ನುಡಿಗಟ್ಟು. ಹಿಂದಿನವರಾದರೋ ಆ ಮಾತನ್ನು ಕಲ್ಲಿನಲ್ಲಿ ಕಂಡರಿಸಿ ಊರಿನ ಕಣ್ಣೆದುರಿಗೆ ನಿಲ್ಲಿಸಿದ್ದರು.

ದಾನಶಾಸನಗಳ ಶಿರೋಭಾಗದಲ್ಲಿ ಒಂದು ಕಡೆ ದುಂಡಗಿನ ಸೂರ್ಯಬಿಂಬ, ಮತ್ತೊಂದು ಕಡೆ ಎಳೆಚಂದ್ರ. ನಡುವೆ ಲಿಂಗವೋ ಜಿನಮೂರ್ತಿಯೋ. ಅನೇಕ ಕಲ್ಲುಗಳಲ್ಲಿ ಕರುವಿಗೆ ಹಾಲೂಡುವ ಹಸು. ಕೆಳಗಣ ಬರಹದಲ್ಲಿ ‘ಆಚಂದ್ರಾರ್ಕ’ ಎಂದು ಬರುವುದೇ ಮೇಲೆ ಚಿತ್ರವಾಗಿರುವುದು. ದತ್ತಿಯನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವೂ ಅಂತಹ ಬರಹಗಳಲ್ಲಿ ಮೇಲಿಂದ ಮೇಲೆ ಕಾಣುವುದು. ಓದು ಬಲ್ಲವರು ವಿರಳವಾಗಿದ್ದ ಕಾಲವದು. ಅಕ್ಷರವು ಬಲ್ಲವರಿಗೆ, ಚಿಹ್ನೆಯು ಎಲ್ಲರಿಗೆ.

ವೀರಗಲ್ಲಿನಲ್ಲಿಯೂ ಇದೇ ಕ್ರಮ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ, ಅಲ್ಲಿಯೂ ಸೂರ್ಯಚಂದ್ರರುಂಟು. ತುರುಗಳನ್ನು ಬಿಡಿಸಲು ಹೋಗಿ ಮಡಿದ ಹಳ್ಳಿಗನ ಕೀರ್ತಿಗೂ ಅರಸನ ದಾನಕ್ಕೂ ಒಂದೇ ಅವಧಿ.

ಬಿ. ಎಲ್. ರೈಸರು 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಮಾಡಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಂದ ಸಾವಿರಾರು ಶಾಸನಗಳ ಬರಹವು ಉಳಿಯಿತು. ಕಲ್ಲುಗಳೆಲ್ಲವೂ ಉಳಿಯಲಿಲ್ಲ. ಕೆಲವು ಮೆಟ್ಟಿಲಾದುವು, ಕೆಲವು ಬಟ್ಟೆ ಒಗೆಯುವ ಕಲ್ಲಾದುವು.

ಮೈಸೂರು ಸೀಮೆಯ ಹಳ್ಳಿಯೊಂದರ ಗೃಹಸ್ಥರ ಹಿತ್ತಲಲ್ಲಿಯೂ ಅಂತಹ ಕಲ್ಲೊಂದಿತ್ತು. ಅದರ ಬೆನ್ನಿನ ಮೇಲೆ ಮೂರು ತಲೆಮಾರಿನವರು ಬಟ್ಟೆ ಒಗೆದಿದ್ದರು. ಬಚ್ಚಲು ಕಟ್ಟಿಸುವಾಗ ಕೂಲಿಯವರು ಅದನ್ನು ಮಗುಚಿದರು. ಗೃಹಸ್ಥರು ಓದಿದವರು, ಆದರೂ ಹಳೆಯ ಲಿಪಿಯ ಒಂದಕ್ಷರವೂ ಅವರಿಗೆ ತಿಳಿಯಲಿಲ್ಲ. ಅಕ್ಷರವರಿಯದ ಅವರ ತಾಯಿ ಕಲ್ಲಿನ ತಲೆಯನ್ನು ಕಂಡೊಡನೆ, “ಅಪ್ಪಾ, ಸೂರ್ಯಚಂದ್ರರನ್ನು ಮಣ್ಣಿಗೆ ಮುಖಮಾಡಿ ಮಲಗಿಸಿಬಿಟ್ಟಿದ್ದೆವಲ್ಲ! ಯಾರೋ ಏನನ್ನೋ ಕೊಟ್ಟ ಕಲ್ಲಿದು” ಎಂದರು.

ಲಿಪಿ ಬಲ್ಲ ಅಧ್ಯಾಪಕರೊಬ್ಬರು ಬಂದು ಓದಿದರು. ಊರ ಕೆರೆಯ ಹೂಳು ತೆಗೆಯಿಸುವುದಕ್ಕೆಂದು ಬಿಟ್ಟ ಬಿತ್ತುವಟ್ಟದ ಗದ್ದೆಯ ಶಾಸನವದು. ಗದ್ದೆಯ ಎಲ್ಲೆಯೂ ಬರೆದಿತ್ತು. ಆ ಗದ್ದೆಯನ್ನು ಸಾಗುವಳಿ ಮಾಡುತ್ತಿದ್ದವರು ಆ ಗೃಹಸ್ಥರೇ. ಅಜ್ಜನು ಹಣ ಕೊಟ್ಟು ಕೊಂಡುದು, ಪತ್ರ ಸರಿಯಾಗಿದ್ದುದು, ಕಾನೂನಿನಲ್ಲಿ ದೋಷವಿಲ್ಲ. ಕೆರೆ ಮಾತ್ರ ಹೂಳು ತುಂಬಿ ಅರ್ಧಕ್ಕರ್ಧ ಜಾಲಿಯ ಕಾಡಾಗಿತ್ತು. ಸೂರ್ಯಚಂದ್ರರು ತಮ್ಮ ಪಾಲಿನ ಕೆಲಸವನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತಪ್ಪಿದುದು ಮನುಷ್ಯರ ಪಾಲು.

ಚಿಹ್ನೆಯು ತಾನಾಗಿ ಯಾವುದನ್ನೂ ಕಾಯಲಾರದು. ಅದು ಕೊಟ್ಟವನ ಮಾತನ್ನು ನೋಡುವವನ ಕೈಗೆ ಒಪ್ಪಿಸುವುದು, ಅಷ್ಟೆ. ಕಂಡೂ ಅರಿಯದವರ ಊರಿನಲ್ಲಿ ಅದು ಒಗೆಯುವ ಕಲ್ಲು.

ಗೃಹಸ್ಥರು ಗದ್ದೆಯನ್ನು ಬಿಟ್ಟುಕೊಡಲಿಲ್ಲ. ಆದರೆ ಆ ವರ್ಷದಿಂದ ಸುಗ್ಗಿಯಲ್ಲಿ ಅದರ ಬೆಳೆಯ ಒಂದು ಪಾಲನ್ನು ಹೂಳೆತ್ತುವ ಕೂಲಿಗೆಂದು ಬೇರೆ ಇಡುವರು. ಅಳೆದು ಇಡುವವರು ಆ ತಾಯಿಯೇ. ಕಲ್ಲು ಈಗ ಕೆರೆಯ ಏರಿಯ ಮೇಲೆ, ಮೂಡಲಿಗೆ ಮುಖಮಾಡಿ ನಿಂತಿರುವುದು.