ಕಾರ್ಖಾನೆಯ ತಂಡ

ದೊಡ್ಡನೆಕ್ಕುಂದಿಯ ಆ ಮನೆಯಲ್ಲಿ ನಡುರಾತ್ರಿಯಲ್ಲಿ ದೀಪ ಉರಿಯುವುದು ಎರಡೇ ಕಾರಣಗಳಿಗೆ: ಒಂದು, ತಾತನಿಗೆ ಕೆಮ್ಮು ಬಂದಾಗ, ಇನ್ನೊಂದು, ಮೊಮ್ಮಗನಿಗೆ ಯುರೋಪಿನಲ್ಲಿ ಪಂದ್ಯವಿದ್ದಾಗ. 2024ರ ಮೇ 22ರ ರಾತ್ರಿ ಎರಡೂ ಒಟ್ಟಿಗೆ ಒದಗಿದುವು.

ನೀರು ಕುಡಿಯಲೆಂದು ನಡುಮನೆಗೆ ಬಂದ ವೃದ್ಧರು ಹಾಗೆಯೇ ಮೊಮ್ಮಗನ ಪಕ್ಕದಲ್ಲಿ ಕುಳಿತರು. ಡಬ್ಲಿನ್ ನಗರದಲ್ಲಿ ಯುರೋಪಾ ಲೀಗಿನ ಅಂತಿಮ ಪಂದ್ಯ. ಒಂದು ಕಡೆ ಇಟಲಿಯ ಅಟಲಾಂಟಾ, ಇನ್ನೊಂದು ಕಡೆ ಜರ್ಮನಿಯ ಬಾಯರ್ ಲೆವರ್ಕುಸೆನ್.

"ತಾತ, ಈ ಜರ್ಮನಿಯವರು ಈ ವರ್ಷ ಐವತ್ತೊಂದು ಪಂದ್ಯ ಆಡಿದ್ದಾರೆ. ಒಂದನ್ನೂ ಸೋತಿಲ್ಲ!"

ಹುಡುಗನ ಮಾತಿನಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಜರ್ಮನಿಯ ಲೀಗಿನಲ್ಲಿ ಹನ್ನೊಂದು ವರ್ಷ ಸತತವಾಗಿ ಪಟ್ಟವೇರಿದ್ದ ಬಾಯರ್ನ್ ಮ್ಯೂನಿಕ್ ತಂಡವನ್ನು ಕೆಳಗಿಳಿಸಿ, ಲೆವರ್ಕುಸೆನ್ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಪ್ರಶಸ್ತಿ ಪಡೆದಿತ್ತು. 34 ಪಂದ್ಯಗಳಲ್ಲಿ 28 ಗೆಲುವು, 6 ಸಮ. ಸೋಲಿನ ಮನೆಯಲ್ಲಿ ಸೊನ್ನೆ. ಒಂದೂವರೆ ವರ್ಷದ ಹಿಂದೆ ಷಾಬಿ ಅಲೋನ್ಸೊ ಎಂಬ ಸ್ಪೇನಿನ ತರುಣ ತರಬೇತುದಾರನಾಗಿ ಬಂದಾಗ ಇದೇ ತಂಡ ಪಟ್ಟಿಯ ತಳದಲ್ಲಿ ತೆವಳುತ್ತಿತ್ತೆಂದರೆ ನಂಬುವುದು ಕಷ್ಟ.

ವೃದ್ಧರಿಗೆ ಅಂಕಿಗಳಿಗಿಂತ ಹೆಸರು ಕಿವಿಗೆ ಬಿತ್ತು.

"ಬಾಯರ್ ಎಂದರೆ ತಲೆನೋವಿನ ಮಾತ್ರೆ ಮಾಡುವ ಬಾಯರೇ?"

"ಅವರೇ ತಾತ. 1904ರಲ್ಲಿ ಆ ಕಾರ್ಖಾನೆಯ ಕೆಲಸಗಾರರು ಕಟ್ಟಿದ ಕ್ಲಬ್ಬು ಇದು. ಬೇರೆ ಊರಿನವರು 'ಕಾರ್ಖಾನೆಯ ತಂಡ' ಎಂದು ಹಂಗಿಸುತ್ತಾರೆ. ಇವರು ಅದನ್ನೇ ಬಿರುದು ಮಾಡಿಕೊಂಡಿದ್ದಾರೆ."

ವೃದ್ಧರು ಬೆನ್ನು ನೆಟ್ಟಗೆ ಮಾಡಿ ಕುಳಿತರು. ಕೆಮ್ಮು ಎಲ್ಲಿಗೆ ಹೋಯಿತೋ ತಿಳಿಯದು.

ಅದಕ್ಕೆ ಕಾರಣವಿತ್ತು. ಎಚ್‌ಎಎಲ್ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ದುಡಿದು, ವಾಯುಪಡೆಯ ಕಿರಣ್ ವಿಮಾನಗಳಿಗೆ ರಿವೆಟ್ ಹೊಡೆದು ನಿವೃತ್ತರಾದವರು ಅವರು. ಬೆಂಗಳೂರಿನ ಪೂರ್ವಭಾಗದಲ್ಲಿ ಬೆಳೆದವರಿಗೆ ಫುಟ್‌ಬಾಲ್ ಎಂದರೆ ಸಂಜೆಯ ಸಂಧ್ಯಾವಂದನೆಯಿದ್ದಂತೆ. 1937ರಲ್ಲಿ ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದು ತಂದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಭಾರತ ತಂಡ ಫ್ರಾನ್ಸಿಗೆ 1–2ರಲ್ಲಿ ಸೋತಾಗ, ನಮ್ಮವರ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ನರದು. ಅನಂತರ ಬಂದುದು ಕಾರ್ಖಾನೆಗಳ ಕಾಲ. ದೂರವಾಣಿನಗರದ ಐಟಿಐ, ಹಲಸೂರಿನ ಎಂಇಜಿ ಸೈನಿಕರು, ಎಚ್‌ಎಎಲ್—ಇವುಗಳ ನಡುವಣ ಪಂದ್ಯವಿದ್ದರೆ ಸಂಜೆಯ ಪಾಳಿ ಬದಲಿಸಿಕೊಳ್ಳಲು ಮೇಸ್ತ್ರಿಯ ಮುಂದೆ ಹಲ್ಲು ಗಿಂಜಬೇಕಾಗುತ್ತಿತ್ತು. ಬೆಳಗ್ಗೆ ಪಕ್ಕದ ಮೇಜಿನಲ್ಲಿ ಊಟದ ಡಬ್ಬಿ ಬಿಚ್ಚಿದವನೇ ಸಂಜೆ ಮೈದಾನದಲ್ಲಿ ವೀರನಾಗುತ್ತಿದ್ದ.

2010ರಲ್ಲಿ ಎಚ್‌ಎಎಲ್ ತಂಡ ದೇಶದ ಅತ್ಯುನ್ನತ ಪಂದ್ಯಾವಳಿಯಾದ ಐ-ಲೀಗಿಗೆ ಏರಿದಾಗ ವೃದ್ಧರು ಅಶೋಕನಗರದ ಕ್ರೀಡಾಂಗಣಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಭಾರಿ ಹಣ ತೆತ್ತು ಹೊರದೇಶದ ಆಟಗಾರರನ್ನು ತರಿಸಿಕೊಂಡ ಕ್ಲಬ್ಬುಗಳ ಎದುರು ನೌಕರರ ತಂಡ ಎಷ್ಟು ದಿನ ನಿಂತೀತು? ಎರಡೇ ವರ್ಷ. 2012ರಲ್ಲಿ ಅದು ಕೆಳಗಿನ ದರ್ಜೆಗೆ ಇಳಿಯಿತು. ಅಂದಿನಿಂದ ವೃದ್ಧರ ಪಾಲಿಗೆ ಆಟ ಮುಗಿದಿತ್ತು.

ಮರುವರ್ಷವೇ ಉಕ್ಕಿನ ಉದ್ಯಮದ ಜೆಎಸ್‌ಡಬ್ಲ್ಯು ಸಂಸ್ಥೆ 'ಬೆಂಗಳೂರು ಎಫ್‌ಸಿ' ಎಂಬ ಹೊಸ ತಂಡವನ್ನು ಕಟ್ಟಿತು. ಕಾಲಿಟ್ಟ ಮೊದಲ ಋತುವಿನಲ್ಲೇ ಲೀಗ್ ಗೆದ್ದಿತು. ಊರೆಲ್ಲ ಕುಣಿಯಿತು, ವೃದ್ಧರು ಕದಲಲಿಲ್ಲ. "ಉಕ್ಕು ಕಾಸುವವನೊಬ್ಬನಾದರೂ ಅದರಲ್ಲಿ ಆಡುತ್ತಾನೆಯೇ? ದುಡ್ಡು ಕೊಟ್ಟು ಕೊಂಡ ಗೆಲುವು" ಎಂದುಬಿಟ್ಟರು.

ಅವರ ಈ ವ್ರತಭಂಗ ಮಾಡಿದ್ದು 2016ರ ಋತು. ಆಗ ಮೊಮ್ಮಗನಿಗೆ ಹತ್ತು ವರ್ಷ. ಆ ಏಪ್ರಿಲ್ 17ರಂದು ಗೋವೆಯ ಸಾಲ್ಗಾಂವ್‌ಕರ್ ತಂಡವನ್ನು 2–0ರಲ್ಲಿ ಸೋಲಿಸಿ ಬೆಂಗಳೂರು ಎರಡನೆಯ ಬಾರಿ ಲೀಗ್ ಗೆದ್ದ ಸುದ್ದಿಯನ್ನು ಅವನು ಪತ್ರಿಕೆಯಿಂದ ಗಟ್ಟಿಯಾಗಿ ಓದಿ ಹೇಳಿದ. ತಾತ ಕಾಫಿ ಹೀರಿದರು, ಅಷ್ಟೆ. ಆದರೆ ದೇಶದೊಳಗಿನ ಆ ಗೆಲುವಿನ ಜೊತೆಜೊತೆಗೇ ಏಷ್ಯಾಖಂಡದ ಎಎಫ್‌ಸಿ ಕಪ್ಪಿನ ಪಂದ್ಯಗಳೂ ನಡೆಯುತ್ತಿದ್ದುವು. ಹಾಂಕಾಂಗಿನ ಕಿಚಿ ತಂಡದ ಮೇಲೆ ಅವರ ನೆಲದಲ್ಲೇ 3–2. ಸಿಂಗಪುರದ ಟ್ಯಾಂಪಿನ್ಸ್ ತಂಡದ ಮೇಲೆ ಒಂದೇ ಗೋಲಿನ ಅಂತರ. ನಡುವೆ ಇಂಗ್ಲೆಂಡಿನ ವೆಸ್ಟ್‌ವುಡ್ ಹೋಗಿ ಸ್ಪೇನಿನ ಆಲ್ಬರ್ಟ್ ರೋಕಾ ತರಬೇತುದಾರನಾಗಿ ಬಂದಿದ್ದ. ಉಪಾಂತ್ಯದಲ್ಲಿ ಎದುರಾದವರು ಹಿಂದಿನ ವರ್ಷ ಕಪ್ ಗೆದ್ದಿದ್ದ ಮಲೇಷ್ಯದ ಜೋಹೋರ್ ತಂಡದವರು. ಅಲ್ಲಿ 1–1.

ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮರುಪಂದ್ಯ. ಹುಡುಗನ ಹಟ ತಡೆಯಲಾರದೆ ತಾತ ಕರೆದುಕೊಂಡು ಹೋದರು. ಮೊದಲ ಗೋಲು ಜೋಹೋರಿನದು. ಹುಡುಗನ ಕಣ್ಣಲ್ಲಿ ನೀರು. ಅಷ್ಟರಲ್ಲಿ ನಾಯಕ ಸುನಿಲ್ ಛೇಟ್ರಿ ತಲೆಯಿಂದ ಒಂದು ಗೋಲು ಹೊಡೆದ. ವಿರಾಮದ ಬಳಿಕ ದೂರದಿಂದಲೇ ಬೀಸಿ ಇನ್ನೊಂದು. ಸ್ಪೇನಿನ ಹುವಾನನ್ ಮೂರನೆಯದನ್ನು ಸೇರಿಸಿದ. ಏಷ್ಯಾದ ಈ ಕಪ್ಪಿನ ಅಂತಿಮ ಪಂದ್ಯಕ್ಕೆ ಭಾರತದ ತಂಡವೊಂದು ಏರಿದ್ದು ಅದೇ ಮೊದಲು. ಪಕ್ಕದಲ್ಲಿದ್ದ ಅಪರಿಚಿತನೊಬ್ಬ ವೃದ್ಧರನ್ನು ತಬ್ಬಿಕೊಂಡ. ಅವರು ಬಿಡಿಸಿಕೊಳ್ಳಲಿಲ್ಲ.

ವಿಧಿಯ ತಮಾಷೆ ಮುಂದೆ ಕಾದಿತ್ತು. ನವೆಂಬರ್ 5ರಂದು ದೋಹಾ ನಗರದಲ್ಲಿ ಬೆಂಗಳೂರಿನ ಎದುರು ನಿಂತದ್ದು ಇರಾಕಿನ ಅಲ್-ಕುವಾ ಅಲ್-ಜವಿಯಾ. ಅರಬ್ಬಿಯಲ್ಲಿ ಅದರ ಅರ್ಥ 'ವಾಯುಪಡೆ'. 1931ರಲ್ಲಿ ಆ ದೇಶದ ವಾಯುಪಡೆಯವರು ಕಟ್ಟಿದ ತಂಡ. ನಾಡಿನ ಕ್ಷೋಭೆಯಿಂದಾಗಿ ತವರಿನ ಪಂದ್ಯಗಳನ್ನೂ ಪರದೇಶದಲ್ಲಿ ಆಡಬೇಕಾಗಿದ್ದ ತಂಡ. ಜೀವಮಾನವೆಲ್ಲ ವಾಯುಪಡೆಗೆ ವಿಮಾನ ಮಾಡಿಕೊಟ್ಟ, ಇಲಾಖೆಯ ತಂಡವೇ ನಿಜವಾದ ತಂಡವೆಂದು ವಾದಿಸಿದ ಮನುಷ್ಯ ನ್ಯಾಯವಾಗಿ ಹಾರೈಸಬೇಕಾಗಿದ್ದುದು ಯಾರ ಗೆಲುವನ್ನು?

ಎಪ್ಪತ್ತನೆಯ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದ. ಆ ಪಂದ್ಯಾವಳಿಯಲ್ಲಿ ಅವನಿಗೆ ಅದು ಹದಿನಾರನೆಯದು. ಬೆಂಗಳೂರು 0–1ರಲ್ಲಿ ಸೋತಿತು. ವಾಯುಪಡೆ ಗೆದ್ದಿತ್ತು, ವೃದ್ಧರು ಮಾತ್ರ ರಾತ್ರಿಯ ಊಟ ಬೇಡವೆಂದರು. ಸೊಸೆಗೆ ಹೇಳಿದ ಕಾರಣ ಅಜೀರ್ಣ.

ಇತ್ತ ಡಬ್ಲಿನ್ನಿನಲ್ಲೂ ಕಥೆ ಹಾಗೆಯೇ ಸಾಗಿತ್ತು. ಅಟಲಾಂಟಾದ ಲುಕ್‌ಮನ್ ಒಬ್ಬನೇ ಮೂರು ಗೋಲು ಹೊಡೆದ. 0–3. ಐವತ್ತೊಂದು ಪಂದ್ಯಗಳ ಗೋಪುರ ಒಂದು ರಾತ್ರಿಯಲ್ಲಿ ಕುಸಿಯಿತು.

"ಎಲ್ಲ ಗೆದ್ದು ಏನು ಬಂತು ತಾತ? ಬೇಕಾದ ದಿನವೇ ಸೋತರು" ಎಂದು ಹುಡುಗ ದೂರದರ್ಶನವನ್ನು ಆರಿಸಲು ಹೋದ.

"ಆರಿಸಬೇಡ ಕಂದ. ಅವರ ಊರಿನವರು ಎದ್ದು ಹೋದರೋ, ಕುಳಿತಿದ್ದಾರೋ ನೋಡೋಣ."

ನಿಂತೇ ಇದ್ದರು. ತಂಡ ತಲೆ ತಗ್ಗಿಸಿ ಬಳಿಗೆ ಬಂದಾಗ ಚಪ್ಪಾಳೆ ತಟ್ಟಿದರು. ವೃದ್ಧರು ಬಹಳ ಹೊತ್ತಿನ ಮೇಲೆ ಹೇಳಿದರು: "ತಂಡ ಯಾರದು ಎಂದು ನಾನು ವ್ಯರ್ಥವಾಗಿ ಜಗಳವಾಡಿದೆ. ದುಡ್ಡು ಹಾಕಿದವರದೂ ಅಲ್ಲ, ಸಂಬಳ ಪಡೆದವರದೂ ಅಲ್ಲ. ಸೋತ ರಾತ್ರಿ ಊಟ ಬಿಟ್ಟವರದು."

"ಅಂದು ನಿಮಗೆ ಅಜೀರ್ಣ ಎಂದಿರಲ್ಲ?"

ವೃದ್ಧರು ಉತ್ತರ ಕೊಡಲಿಲ್ಲ.

ಮೂರು ದಿನ ಕಳೆದು, ಮೇ 25ರಂದು ಬರ್ಲಿನ್ನಿನಲ್ಲಿ ಜರ್ಮನಿಯ ಕಪ್ಪಿನ ಅಂತಿಮ ಪಂದ್ಯ. ಝಾಕಾ ಹೊಡೆದ ಗೋಲೊಂದೇ ಲೆವರ್ಕುಸೆನ್ನಿನ ಬಂಡವಾಳ. ವಿರಾಮಕ್ಕೆ ಮುಂಚೆಯೇ ಅವರ ಆಟಗಾರನೊಬ್ಬನನ್ನು ಹೊರಗಟ್ಟಲಾಯಿತು. ಉಳಿದ ಹತ್ತು ಮಂದಿ ಆ ಒಂದು ಗೋಲನ್ನು ಕೊನೆಯವರೆಗೂ ಕಾದುಕೊಂಡು ಕೈಸರ್ಸ್‌ಲಾಟರ್ನ್ ತಂಡವನ್ನು ಮಣಿಸಿದರು. ನಡುರಾತ್ರಿ ದೀಪ ಕಂಡು ಸೊಸೆ ಎದ್ದು ಬಂದರು.

"ಮಾವ, ಕೆಮ್ಮು ಹೆಚ್ಚಾಯಿತೇ?"

"ಇಲ್ಲಮ್ಮ, ಈ ಹೊತ್ತು ಕೆಮ್ಮಿಲ್ಲ. ನಮ್ಮ ಕಾರ್ಖಾನೆಯವರ ಪಂದ್ಯವಿದೆ."